ಸುಗ್ಗಿಯ ದುಡಿಮೆ, ತಿಂಗಳ ಕಂತು

(ರಾಣೆಬೆನ್ನೂರಿನಲ್ಲಿ ಯುವಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ಯುವಕರ ದುಂದುವೆಚ್ಚದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನಮಗೆ ಸೂಚಿಸಿದ್ದಾರೆ. ಈ ವಿಷಯದ ಮೇಲಿನ ಭಾಷಣಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತವೆ. ದುಂದುಗಾರರು ಶೈತಾನನ ಸಹೋದರರೆಂದು ಬನೀ ಇಸ್ರಾಈಲ್ ಅಧ್ಯಾಯದ 27ನೆಯ ಸೂಕ್ತ ಎಚ್ಚರಿಸುತ್ತದೆ ಎಂದು ನೆನಪಿಸಿ, ಮೊಬೈಲು, ಬೈಕು, ಹೋಟೆಲಿನ ಬಿರಿಯಾನಿ ಎಂದು ಪಟ್ಟಿ ಒಪ್ಪಿಸಿ, ಯುವಕರನ್ನು ನಾಲ್ಕು ಮಾತು ಗದರಿ ಮುಗಿಸಲಾಗುತ್ತದೆ. ಅವರೂ ತಲೆ ತಗ್ಗಿಸಿ ಕೇಳಿಕೊಂಡು ಹೋಗುತ್ತಾರೆ. ಇಂದು ನಾವು ಗದರಿಕೆಯನ್ನು ಬದಿಗಿಟ್ಟು ಲೆಕ್ಕದಿಂದ ಆರಂಭಿಸಲು ಬಯಸುತ್ತೇವೆ.

ಮೊದಲನೆಯದಾಗಿ, ನಮ್ಮ ಜಿಲ್ಲೆಯ ಮನೆಗಳಿಗೆ ಹಣ ಬರುವ ಬಗೆಯನ್ನು ನೋಡೋಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಹಾವೇರಿಯಲ್ಲಿ ತಿಂಗಳ ಒಂದನೆಯ ತಾರೀಖಿಗೆ ಪಗಾರ ಎಣಿಸುವ ಮನೆಗಳು ಕಡಿಮೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಚಳಿಗಾಲದಲ್ಲಿ ಕಣ್ಣು ತೆರೆದು ಬೇಸಿಗೆ ಮುಗಿಯುವ ಹೊತ್ತಿಗೆ ತಣ್ಣಗಾಗುತ್ತದೆ. ಆ ನಾಲ್ಕೈದು ತಿಂಗಳು ಸೋಮವಾರ, ಗುರುವಾರಗಳಂದು ಊರಿಗೇ ಕೆಂಪು ಬಣ್ಣ. ಹಮಾಲರು, ಚೀಲ ಹೊಲಿಯುವವರು, ಲಾರಿ ಚಾಲಕರು, ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಎಲ್ಲರ ಕೈಯಲ್ಲೂ ಹಣವಾಡುತ್ತದೆ. ಇವರಲ್ಲಿ ನಮ್ಮವರು ಬಹಳ ಮಂದಿ. ಮಳೆಗಾಲ ಬಂದರೆ ಅದೇ ಕೈ ಖಾಲಿ. ರಾಣೆಬೆನ್ನೂರಿನ ಬೀಜದ ವ್ಯಾಪಾರವೂ, ಹತ್ತಿಯ ವ್ಯಾಪಾರವೂ ಋತುವಿನ ಕೂಸುಗಳೇ. ನಾಡಿಗೆಲ್ಲ ಹೆಸರಾದ ಹಾವೇರಿಯ ಏಲಕ್ಕಿ ಹಾರವನ್ನು ಕಟ್ಟುವ ಪಟವೇಗಾರ ಮನೆತನ ನಮ್ಮ ಸಮುದಾಯದ್ದು. ಅವರ ಕಸುಬಿಗೂ ಮದುವೆ, ಸಭೆ, ಸಮ್ಮೇಳನಗಳ ಕಾಲವೇ ಸುಗ್ಗಿ. ಸುಗ್ಗಿಯಲ್ಲಿಯೂ ಬೆಲೆಯ ಭರವಸೆಯಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದಾಗ ರೊಚ್ಚಿಗೆದ್ದವರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ್ದನ್ನು ತಾವೆಲ್ಲ ಬಲ್ಲಿರಿ.

ಇನ್ನು ಹಣ ಹೊರಹೋಗುವ ಬಗೆ. ಕಂತಿಗೆ ಋತುವಿಲ್ಲ. ಐದನೆಯ ತಾರೀಖೆಂದರೆ ಐದನೆಯ ತಾರೀಖು. ಮಳೆ ಬರಲಿ, ಮಾರುಕಟ್ಟೆ ಮುಚ್ಚಲಿ, ತಂದೆ ಹಾಸಿಗೆ ಹಿಡಿಯಲಿ, ಅದು ಖಾತೆಯ ಬಾಗಿಲು ತಟ್ಟುತ್ತದೆ. ಫೆಬ್ರುವರಿಯಲ್ಲಿ ಕೈಯಲ್ಲಿದ್ದ ಹಣದ ಧೈರ್ಯದಿಂದ ಕೊಂಡ ವಸ್ತುವಿಗೆ ಆಗಸ್ಟಿನಲ್ಲಿ ಹಣ ಕಟ್ಟಬೇಕಾಗುತ್ತದೆ. ನಮ್ಮ ಯುವಕರ ಸಂಕಷ್ಟದ ಬೇರು ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನ ತಿಂಗಳ ಸಂಬಳಗಾರನಿಗಾಗಿ ರೂಪಿಸಿದ ಸಾಲದ ಅಂಗಿಯನ್ನು ಬ್ಯಾಡಗಿಯ ಹಮಾಲನ ಮಗನಿಗೆ ತೊಡಿಸಲಾಗುತ್ತಿದೆ.

ಲೆಕ್ಕಕ್ಕಾಗಿ ಹೀಗೆ ಊಹಿಸಿರಿ: 24 ಸಾವಿರ ರೂಪಾಯಿಯ ಮೊಬೈಲು, ತಿಂಗಳಿಗೆ 2 ಸಾವಿರದಂತೆ ಹನ್ನೆರಡು ಕಂತು. ಅಂಗಡಿಯ ಫಲಕದಲ್ಲಿ ‘ಬಡ್ಡಿ ಇಲ್ಲ’ ಎಂದು ಬರೆದಿದೆ. ಬಡ್ಡಿ ಇಲ್ಲವೆಂದ ಮೇಲೆ ಹಲಾಲ್ ತಾನೇ ಎಂದು ಯುವಕ ಸಮಾಧಾನ ಪಟ್ಟುಕೊಳ್ಳುತ್ತಾನೆ. ಆದರೆ ಈ ‘ಶೂನ್ಯ ಬಡ್ಡಿ’ ಎಂಬುದೇ ಇಲ್ಲವೆಂಬ ನಿಲುವನ್ನು 2013ರ ಸೆಪ್ಟೆಂಬರ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕೇ ತಳೆದು, ಕ್ರೆಡಿಟ್ ಕಾರ್ಡಿನ ಮೇಲಿನ ಅಂತಹ ಯೋಜನೆಗಳಿಗೆ ಬ್ಯಾಂಕುಗಳಿಗೆ ತಡೆ ಹಾಕಿತ್ತು. ಮರಳಿ ಅದು ಬೇರೆ ವೇಷದಲ್ಲಿ ಬಂದಿದೆ. ಸಾಲ ಕೊಡುವ ಸಂಸ್ಥೆ ಬಡ್ಡಿಯನ್ನು ಲೆಕ್ಕ ಹಾಕಿಯೇ ಹಾಕುತ್ತದೆ. ನಗದು ಕೊಟ್ಟು ಕೊಳ್ಳುವವನಿಗೆ ಸಿಗಬಹುದಾಗಿದ್ದ ರಿಯಾಯಿತಿಯಲ್ಲಿ ಅದನ್ನು ಮುಚ್ಚಲಾಗುತ್ತದೆ. ಜೊತೆಗೆ ಕಡತದ ಶುಲ್ಕವಿದೆ. ಒಂದು ಕಂತು ತಪ್ಪಿದರೆ ಸಾಲದಾತನ ದಂಡ, ಬ್ಯಾಂಕಿನ ದಂಡ ಎರಡೂ ಬೀಳುತ್ತವೆ. ಆ ಕಂತನ್ನು ತುಂಬಲು ಮೊಬೈಲಿನಲ್ಲೇ ಸಿಗುವ ಇನ್ನೊಂದು ಸಾಲ, ಅದನ್ನು ತೀರಿಸಲು ಗೆಳೆಯರಲ್ಲಿ ಕೈಗಡ, ಕೊನೆಗೆ ತಾಯಿಯ ಕಿವಿಯೋಲೆ ಗಿರವಿ ಅಂಗಡಿಗೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಂತಿನ ವ್ಯವಹಾರವೇ ಹರಾಮ್ ಎಂದು ಕೆಲವರು ಸಾರಾಸಗಟಾಗಿ ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಮಾರುವವನೇ ನಗದಿಗಿಂತ ತುಸು ಹೆಚ್ಚಿನ ಬೆಲೆಯನ್ನು ಮೊದಲೇ ನಿಗದಿಪಡಿಸಿ, ಆಮೇಲೆ ಏರಿಸದೆ, ಕಂತುಗಳಲ್ಲಿ ಪಡೆಯುವುದನ್ನು ಬಹುಪಾಲು ಫಕೀಹರು ಅನುಮತಿಸಿದ್ದಾರೆ. ಸಮಸ್ಯೆ ಇರುವುದು ನಡುವೆ ಬರುವ ಮೂರನೆಯವನ ಬಡ್ಡಿಯ ಕರಾರಿನಲ್ಲಿ ಮತ್ತು ತಡವಾದಂತೆ ಬೆಳೆಯುವ ದಂಡದಲ್ಲಿ. ಪ್ರವಾದಿವರ್ಯರ(ಸ) ಕಾಲದಲ್ಲಿಯೂ ಕಂತು ಇತ್ತು. ಬರೀರಾ(ರ) ಎಂಬ ದಾಸಿ ವರ್ಷಕ್ಕೊಂದು ಊಕಿಯದಂತೆ ಒಂಬತ್ತು ವರ್ಷ ಕೊಟ್ಟು ಬಿಡುಗಡೆ ಹೊಂದುವ ಕರಾರು ಮಾಡಿಕೊಂಡಿದ್ದರೆಂದೂ, ಹಝ್ರತ್ ಆಇಶಾ(ರ) ಆ ಹಣವನ್ನು ಒಮ್ಮೆಗೇ ತೆತ್ತು ಅವರನ್ನು ಸ್ವತಂತ್ರಗೊಳಿಸಿದರೆಂದೂ ಬುಖಾರಿಯ ವರದಿಗಳಲ್ಲಿದೆ. ಆ ಮಹಿಳೆ ಕಂತು ಕಟ್ಟಲು ಒಪ್ಪಿದ್ದು ದಾಸ್ಯದಿಂದ ಹೊರಬರಲು. ನಮ್ಮ ಹುಡುಗರು ಕಂತು ಕಟ್ಟುತ್ತಿರುವುದು ಯಾವುದರೊಳಗೆ ಹೋಗಲು?

ಬ್ಯಾಡಗಿಯವರಿಗೆ ಉಳಿಕೆಯ ಪಾಠವನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಊರಿನ ಸುತ್ತ ನಿಂತಿರುವ ಶೀತಲಗೃಹಗಳನ್ನು ನೋಡಿರಿ. ದರ ಇಳಿದಾಗ ಕಾಯಿಯನ್ನು ಅಲ್ಲಿ ಇಟ್ಟು, ಏರಿದಾಗ ಹೊರತೆಗೆಯುತ್ತಾರೆ. ಮೆಣಸಿನಕಾಯಿಗೆ ಇರುವ ಈ ವ್ಯವಸ್ಥೆ ಅದನ್ನು ಹೊರುವವನ ಕೂಲಿಗೆ ಇಲ್ಲ. ಯೂಸುಫ್ ಅಧ್ಯಾಯದ 47ರಿಂದ 49ರವರೆಗಿನ ಸೂಕ್ತಗಳನ್ನು ನಾವು ಕಥೆಯಾಗಿ ಕೇಳುತ್ತೇವೆ. ಮನೆಯ ಆಯವ್ಯಯದ ಪಾಠವಾಗಿ ಓದುವುದಿಲ್ಲ. ಏಳು ವರ್ಷ ಸಮೃದ್ಧಿ, ಏಳು ವರ್ಷ ಬರ. ಉಣ್ಣುವಷ್ಟನ್ನು ಮಾತ್ರ ಬಿಡಿಸಿಕೊಂಡು ಉಳಿದ ಧಾನ್ಯವನ್ನು ತೆನೆಯಲ್ಲಿಯೇ ಬಿಡಬೇಕೆಂದು ಪ್ರವಾದಿ ಯೂಸುಫ್(ಅ) ಸೂಚಿಸಿದರು. ತೆನೆಯಲ್ಲಿರುವ ಕಾಳು ಬೇಗ ಕೆಡುವುದಿಲ್ಲ. ಜೊತೆಗೆ, ಬಿಡಿಸದ ತೆನೆಯನ್ನು ಯಾರೂ ಥಟ್ಟನೆ ಬೇಯಿಸಿ ತಿನ್ನಲಾರರು. ಎರಡನೆಯದು ನಮ್ಮ ಊಹೆ ಅಷ್ಟೇ, ಮುಫಸ್ಸಿರರ ಮಾತಲ್ಲ. ಕೈಗೆ ಸುಲಭವಾಗಿ ಎಟುಕುವ ಹಣ ಬೇಗ ಕರಗುತ್ತದೆ ಎಂಬುದಂತೂ ಇಂದಿನ ಅನುಭವ. 2016ರಲ್ಲಿ ಯುಪಿಐ ಬಂದ ಮೇಲೆ ನೋಟು ಎಣಿಸುವಾಗ ಬೆರಳಿಗೆ ಆಗುತ್ತಿದ್ದ ಸಣ್ಣ ಹಿಂಜರಿಕೆಯೂ ಹೋಗಿದೆ. ಚಹಾದ ಅಂಗಡಿಯಲ್ಲಿಯೂ ಚಿತ್ರಕ್ಕೆ ಮೊಬೈಲು ಹಿಡಿದರೆ ಕೆಲಸ ಮುಗಿಯಿತು. ಇಂದು ಎಷ್ಟು ಖರ್ಚಾಯಿತೆಂದು ಸಂಜೆ ಕೇಳಿದರೆ ಹೇಳಬಲ್ಲ ಯುವಕರು ಎಷ್ಟು ಮಂದಿ?

ಕೂಡಿಡುವುದು ತವಕ್ಕುಲ್‌ಗೆ ವಿರುದ್ಧವೆಂದು ಭಾವಿಸುವ ಧಾರ್ಮಿಕ ಮನಸ್ಸುಗಳೂ ನಮ್ಮಲ್ಲಿವೆ. ನಾಳೆಯದನ್ನು ಅಲ್ಲಾಹನು ನೋಡಿಕೊಳ್ಳುವನು ಎಂಬ ಮಾತನ್ನು ಅವರು ಖರ್ಚು ಮಾಡುವಾಗ ಮಾತ್ರ ನೆನೆಯುತ್ತಾರೆ. ಪ್ರವಾದಿವರ್ಯರು(ಸ) ತಮ್ಮ ಕುಟುಂಬಕ್ಕೆ ಒಂದು ವರ್ಷದ ಆಹಾರವನ್ನು ತೆಗೆದಿರಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ಅವರಿಗಿಂತ ದೊಡ್ಡ ತವಕ್ಕುಲ್ ಯಾರದು? ಸಅದ್ ಇಬ್ನ್ ಅಬೀ ವಕ್ಕಾಸ್(ರ) ರೋಗಶಯ್ಯೆಯಲ್ಲಿದ್ದಾಗ ತಮ್ಮ ಸಂಪತ್ತಿನ ಹೆಚ್ಚಿನ ಪಾಲನ್ನು ದಾನ ಮಾಡಲು ಬಯಸಿದರು. ಪ್ರವಾದಿವರ್ಯರು(ಸ) ಮೂರನೆಯ ಒಂದು ಭಾಗಕ್ಕೆ ಮಾತ್ರ ಒಪ್ಪಿ, ಅದೂ ಹೆಚ್ಚೇ ಎಂದರು. ವಾರಸುದಾರರನ್ನು ಕೈಯೊಡ್ಡುವ ಸ್ಥಿತಿಯಲ್ಲಿ ಬಿಟ್ಟುಹೋಗುವುದಕ್ಕಿಂತ ಅನುಕೂಲವಂತರಾಗಿ ಬಿಟ್ಟುಹೋಗುವುದು ಲೇಸೆಂದು ತಿಳಿಸಿದರು. ದಾನಕ್ಕೇ ಮಿತಿಯಿರುವ ಧರ್ಮದಲ್ಲಿ ಷೋಕಿಗೆ ಮಿತಿ ಇಲ್ಲವಾಗುವುದು ಹೇಗೆ?

ಹಾಗಾದರೆ ದುಂದು ಯಾವುದು, ಅಗತ್ಯ ಯಾವುದು? ಉಲಮಾಗಳು ಖರ್ಚಿನ ಮೊತ್ತವನ್ನು ನೋಡಲಿಲ್ಲ, ಅದರ ದಾರಿಯನ್ನು ನೋಡಿದರು. ನ್ಯಾಯವಾದ ದಾರಿಯಲ್ಲಿ ಎಲ್ಲವನ್ನೂ ವ್ಯಯಿಸಿದವನೂ ದುಂದುಗಾರನಲ್ಲ, ತಪ್ಪು ದಾರಿಯಲ್ಲಿ ಒಂದು ಬೊಗಸೆ ಚೆಲ್ಲಿದವನೂ ದುಂದುಗಾರನೇ ಎಂಬ ಅರ್ಥದ ವಿವರಣೆಯನ್ನು ತಾಬಿಈ ವಿದ್ವಾಂಸ ಮುಜಾಹಿದ್ ನೀಡಿದ್ದಾರೆ. ಹಮಾಲಿಗೆ ಹೋಗುವ ಯುವಕ ಎಲ್ಲಿ ಲಾರಿ ಬಂದಿದೆ ಎಂದು ತಿಳಿಯಲು ಮೊಬೈಲು ಬೇಕೇ ಬೇಕು. ಅದು ಅವನ ಉಪಕರಣ. ಅದೇ ಕೆಲಸ ಮಾಡುವ 8 ಸಾವಿರದ ಮೊಬೈಲು ಜೇಬಿನಲ್ಲಿರುವಾಗ, ಗೆಳೆಯನ ಕೈಯಲ್ಲಿ ನೋಡಿದ ಸಂಜೆಯೇ ಇನ್ನೊಂದನ್ನು ತರುವುದು ಬೇರೆ ಮಾತು. ಹಝ್ರತ್ ಉಮರ್(ರ) ಮಾಂಸ ಕೊಂಡೊಯ್ಯುತ್ತಿದ್ದ ಜಾಬಿರ್(ರ) ಅವರನ್ನು ತಡೆದು ವಿಚಾರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಮಾಂಸ ಹಲಾಲ್, ಹಣವೂ ಅವರದೇ. ಉಮರ್(ರ) ಅವರನ್ನು ಕಾಡಿದ್ದು ಆಸೆ ಹುಟ್ಟಿದೊಡನೆ ಕೊಂಡುಬಿಡುವ ಅಭ್ಯಾಸ, ಮತ್ತು ನೆರೆಯವರ, ಬಂಧುಗಳ ಹಸಿವಿನ ಮರೆವು.

ಈಗ ತಂದೆ-ತಾಯಿಯರು ಕೇಳುವ ಪ್ರಶ್ನೆಗೆ ಬರೋಣ: ಮಗ ಮಾತು ಕೇಳುವುದಿಲ್ಲ, ಅವನ ದುಡಿಮೆಯನ್ನು ಕಸಿದುಕೊಂಡು ನಾವೇ ಇಟ್ಟುಕೊಳ್ಳಬಹುದೇ? ಇದು ಹಳೆಯ ಪ್ರಶ್ನೆ; ಇದರ ಮೇಲೆ ಫಿಕ್ಹ್‌ನಲ್ಲಿ ಸೊಗಸಾದ ಚರ್ಚೆ ನಡೆದಿದೆ. ಅನ್ನಿಸಾ ಅಧ್ಯಾಯದ 5ನೆಯ ಸೂಕ್ತವು ಸಂಪತ್ತನ್ನು ಬದುಕಿನ ಆಧಾರವೆಂದು ಬಣ್ಣಿಸಿ, ಅದನ್ನು ಅವಿವೇಕಿಗಳ ಕೈಗೆ ಕೊಡಬಾರದೆನ್ನುತ್ತದೆ. ಆದರೆ ಅದರಿಂದಲೇ ಅವರಿಗೆ ಉಣಿಸಿ, ಉಡಿಸಿ, ಅವರೊಡನೆ ಒಳ್ಳೆಯ ಮಾತನ್ನಾಡಬೇಕೆಂದೂ ಆದೇಶಿಸುತ್ತದೆ. 6ನೆಯ ಸೂಕ್ತದಲ್ಲಿ, ಅನಾಥ ಮಕ್ಕಳಲ್ಲಿ ವಿವೇಕ ಕಂಡ ಬಳಿಕವೇ ಅವರ ಸಂಪತ್ತನ್ನು ಒಪ್ಪಿಸಬೇಕೆಂದೂ, ಅದಕ್ಕೆ ಮುನ್ನ ಅವರನ್ನು ಪರೀಕ್ಷಿಸುತ್ತಿರಬೇಕೆಂದೂ ಇದೆ. ಪ್ರಾಯಕ್ಕೆ ಬಂದವನು ದುಂದುಗಾರನಾದರೆ ನ್ಯಾಯಾಧೀಶನು ಅವನ ವ್ಯವಹಾರಗಳಿಗೆ ತಡೆ ಹಾಕಬಹುದೇ? ಇಮಾಮ್ ಅಬೂ ಯೂಸುಫ್, ಇಮಾಮ್ ಮುಹಮ್ಮದ್ ಹಾಕಬಹುದೆಂದರು. ಅವರ ಗುರು ಇಮಾಮ್ ಅಬೂ ಹನೀಫಾ ಒಪ್ಪಲಿಲ್ಲ. ವಿವೇಕ ಬಾರದವನ ಆಸ್ತಿಯನ್ನು 25 ವರ್ಷದ ತನಕ ತಡೆಹಿಡಿಯಬಹುದು, ಆದರೆ ಬುದ್ಧಿಯಿರುವ ವಯಸ್ಕನ ಮಾತಿಗೆ, ವ್ಯವಹಾರಕ್ಕೆ ಬೆಲೆಯೇ ಇಲ್ಲವೆಂದು ಘೋಷಿಸಿದರೆ ಅವನನ್ನು ಪಶುವಿನ ಸಾಲಿಗೆ ಸೇರಿಸಿದಂತಾಗುತ್ತದೆ. ಹಣ ಹೋಗುವುದಕ್ಕಿಂತ ಅದು ದೊಡ್ಡ ನಷ್ಟ ಎಂಬುದು ಅವರ ವಾದ. ಹಿದಾಯಾದಲ್ಲಿ ಇದು ವಿವರವಾಗಿದೆ. (25ರ ಹೊತ್ತಿಗೆ ಮನುಷ್ಯ ಅಜ್ಜನೂ ಆಗಬಲ್ಲನೆಂಬ ಲೆಕ್ಕವನ್ನು ನಮ್ಮ ಮದ್ರಸಾದ ತರಗತಿಗಳಲ್ಲಿ ಹೇಳುವಾಗ ನಗೆಯೇಳುತ್ತಿತ್ತು.) ಹೀಗೆ ಹೇಳಿದವರು ಲೋಕ ಬಿಟ್ಟ ವಿರಾಗಿಯಲ್ಲ, ಕೂಫಾ ನಗರದ ಬಟ್ಟೆ ವ್ಯಾಪಾರಿ, ಹಣದ ಬೆಲೆ ಬಲ್ಲವರು.

ನಂತರದ ಹನಫೀ ವಿದ್ವಾಂಸರು ಫತ್ವಾವನ್ನು ಶಿಷ್ಯರಿಬ್ಬರ ಅಭಿಪ್ರಾಯಕ್ಕೆ ಅನುಗುಣವಾಗಿ ನೀಡಿದರು. ಆದರೆ ಮನೆಯೊಳಗೆ ಇಮಾಮರ ಎಚ್ಚರಿಕೆಯೇ ಹೆಚ್ಚು ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಹತ್ತೊಂಬತ್ತರ ಮಗನ ದುಡಿಮೆಯನ್ನು ಕಸಿದುಕೊಂಡರೆ ಅವನು ದುಡಿಮೆಯನ್ನು ಬಚ್ಚಿಡುವುದನ್ನು ಕಲಿಯುತ್ತಾನೆ, ಲೆಕ್ಕವನ್ನಲ್ಲ. ಕುರ್‌ಆನ್ ಹೇಳಿದ ‘ಪರೀಕ್ಷೆ’ಯನ್ನು ನಾವು ಮಾಡುತ್ತಿದ್ದೇವೆಯೇ? ಹನ್ನೆರಡರ ಮಗನ ಕೈಗೆ ವಾರದ ಸಂತೆಯ ಹಣ ಕೊಟ್ಟು, ತಂದದ್ದು, ಉಳಿದದ್ದರ ಲೆಕ್ಕ ಕೇಳುವ ತಂದೆಯರು ಈಗ ಎಷ್ಟು ಮಂದಿ? ಮನೆಗೆ ಎಷ್ಟು ಬರುತ್ತದೆ, ಎಷ್ಟು ಸಾಲವಿದೆ ಎಂಬುದನ್ನು ಬಹುತೇಕ ಮನೆಗಳಲ್ಲಿ ಮಕ್ಕಳಿಂದ ಮಾತ್ರವಲ್ಲ, ಹೆಂಡತಿಯಿಂದಲೂ ಮುಚ್ಚಿಡಲಾಗುತ್ತದೆ. ತಿಳಿಯದ ಸಾಲಕ್ಕೆ ಮಗ ಹೆದರುವುದು ಹೇಗೆ?

ಹಿರಿಯರೂ ಕನ್ನಡಿ ನೋಡಿಕೊಳ್ಳಬೇಕು. ಮಗನ 24 ಸಾವಿರದ ಮೊಬೈಲಿಗೆ ಕೂಗಾಡಿದ ತಂದೆಯೇ ಮಗಳ ಮದುವೆಗೆ ನಾಲ್ಕೈದು ಲಕ್ಷ ಸಾಲ ತಂದು, ಶಾದಿ ಮಹಲಿನಲ್ಲಿ ಸಾವಿರ ಜನರಿಗೆ ಉಣಿಸುತ್ತಾನೆ. ಜಮಾಅತಿನ ಹಿರಿಯರು ಅಲ್ಲಿ ಉಂಡು, ದುಆ ಮಾಡಿ ಬರುತ್ತಾರೆ. ವರನ ಕಡೆಯವರು ಕೇಳಿ ಪಡೆದ ಬೈಕಿನ ಬಗ್ಗೆ ಯಾರೂ ಚಕಾರವೆತ್ತುವುದಿಲ್ಲ. ಒಂದು ಆಡನ್ನು ಕೊಯ್ದಾದರೂ ವಲೀಮಾ ಮಾಡೆಂದು ಪ್ರವಾದಿವರ್ಯರು(ಸ) ಸೂಚಿಸಿದ್ದು ಮದೀನಾದ ಶ್ರೀಮಂತ ವ್ಯಾಪಾರಿಗಳಲ್ಲೊಬ್ಬರಾದ ಅಬ್ದುರ್ರಹ್ಮಾನ್ ಇಬ್ನ್ ಔಫ್(ರ) ಅವರಿಗೆ. ಮಕ್ಕಳು ದುಂದನ್ನು ಕಲಿತದ್ದು ಟಿವಿಯಿಂದ, ಮೊಬೈಲಿನಿಂದ ಮಾತ್ರವೆಂದು ಹೇಳಿ ನಾವು ತಪ್ಪಿಸಿಕೊಳ್ಳಲಾಗದು.

ಸಾಲದ ರಾಜಕೀಯವನ್ನೂ ಹೇಳದೆ ಹೋದರೆ ಮಾತು ಅರ್ಧವಾಗುತ್ತದೆ. 2006ರ ಸಾಚಾರ್ ವರದಿಯು ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಿರುವ ಪ್ರದೇಶಗಳನ್ನು ಸಾಲಕ್ಕೆ ತಕ್ಕುದಲ್ಲದ ವಲಯಗಳೆಂದು ಗುರುತಿಸಿಟ್ಟಿದ್ದುದನ್ನು ಬಯಲಿಗೆಳೆಯಿತು. ಅಂಗಡಿ ಹಾಕಲು, ಲಾರಿ ಕೊಳ್ಳಲು ಬ್ಯಾಂಕಿನ ಬಾಗಿಲು ಮುಚ್ಚಿದ್ದ ಅದೇ ಓಣಿಗಳಿಗೆ, ಗುಂಪುಸಾಲದವರೂ ಮೊಬೈಲ್ ಸಾಲದವರೂ ತಾವಾಗಿಯೇ ನಡೆದು ಬಂದರು. ದುಡಿಯಲು ಸಾಲವಿಲ್ಲ, ಕೊಳ್ಳಲು ಸಾಲವಿದೆ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಕಿರುಸಾಲ ವಸೂಲಿಗಾರರ ಕಾಟ ತಾಳಲಾರದೆ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಿದರು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಎಂದಾಯಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳು ಅದರ ಹೊರಗೇ ಉಳಿದವು. ಮಾಂಗಲ್ಯ ಕಳುಹಿಸಿದ ಆ ಸಹೋದರಿಯರ ಮನೆಗೂ ನಮ್ಮ ಮನೆಗೂ ನಡುವೆ ಈ ವಿಷಯದಲ್ಲಿ ಗೋಡೆಯಿಲ್ಲ.

ಮುಸ್ಲಿಮರು ಇದಕ್ಕೆ ಕಂಡುಕೊಂಡ ಒಂದು ಉತ್ತರ 2009ರ ಕೋಲಾರದ್ದು. ಅಲ್ಲಿಯ ಅಂಜುಮನ್ ಕಿರುಸಾಲ ಸಂಸ್ಥೆಗಳೊಡನೆ ವ್ಯವಹಾರ ನಿಷಿದ್ಧವೆಂದು ಸಾರಿತು. ಶಿಡ್ಲಘಟ್ಟ, ರಾಮನಗರ, ಮೈಸೂರುಗಳಿಗೂ ಅದು ಹಬ್ಬಿ ಮರುಪಾವತಿ ನಿಂತಿತು. ರೇಷ್ಮೆ ಕಸುಬು ಸೊರಗಿದ್ದ ಆ ದಿನಗಳಲ್ಲಿ ಜನರ ಸಂಕಟ ನಿಜವಾದುದೇ. ಬಡ್ಡಿ ನಿಷಿದ್ಧವೆಂಬುದೂ ನಿಜ. ಆದರೆ ಪಡೆದ ಅಸಲು ಅಮಾನತ್ತು. ಬಡ್ಡಿಯ ನಿಷೇಧ ಅಸಲನ್ನು ಮಾಫಿ ಮಾಡುವುದಿಲ್ಲ. ಮೂರು ದೀನಾರ್ ಸಾಲ ಉಳಿಸಿ ಮರಣಹೊಂದಿದವನ ಜನಾಝಾ ನಮಾಝಿಗೆ ಪ್ರವಾದಿವರ್ಯರು(ಸ) ತಾವು ನಿಲ್ಲದೆ, ಅಬೂ ಕತಾದಾ(ರ) ಆ ಸಾಲವನ್ನು ಹೊತ್ತ ಮೇಲೆಯೇ ನಿಂತರು. ಇನ್ನೊಂದು ಉತ್ತರ ಬೆಂಗಳೂರಿನ ಐಎಂಎಯದು. ಹಲಾಲ್ ಎಂಬ ಒಂದು ಪದವನ್ನು ನಂಬಿ ಸಾವಿರಾರು ಕುಟುಂಬಗಳು ಒಡವೆ ಮಾರಿ ಹಣ ತೊಡಗಿಸಿದವು. 2019ರ ಜೂನ್‌ನಲ್ಲಿ ಅದರ ಸಂಸ್ಥಾಪಕ ದೇಶ ಬಿಟ್ಟು ಓಡಿದ. ಅದು ಅಂಗಡಿಯಲ್ಲಿ ನಡೆಯದ ದುಡುಕಿನ ಖರೀದಿ ಎಂದೇ ನಾವು ಕರೆಯುತ್ತೇವೆ. ಹಣವಿಟ್ಟು ಆಡುವ ಮೊಬೈಲ್ ಆಟಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸಿತು, ಅಲ್ಲಾಹನು ಜೂಜನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ನಿಷೇಧಿಸಿದ್ದನು.

ಸಾಧ್ಯವಿರುವ ಉತ್ತರ ಚಿಕ್ಕದು. ದೇವ್‌ಬಂದ್‌ನಲ್ಲಿ 1961ರಲ್ಲಿ ಮುಸ್ಲಿಮ್ ಫಂಡ್ ಆರಂಭವಾಯಿತು. ಜನರ ಸಣ್ಣ ಉಳಿತಾಯವನ್ನು ಕೂಡಿಸಿ, ಒಡವೆಯ ಒತ್ತೆಯ ಮೇಲೆ ಬಡ್ಡಿಯಿಲ್ಲದೆ ಸಾಲ ಕೊಡುವುದು ಅದರ ಕ್ರಮ. ಬ್ಯಾಡಗಿಯಲ್ಲಿ, ರಾಣೆಬೆನ್ನೂರಿನಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಪಡೆದು ಮಳೆಗಾಲದಲ್ಲಿ ಮರಳಿ ಕೊಡುವ ಅಂತಹ ಉಳಿತಾಯವನ್ನು ಮೊಹಲ್ಲಾದ ಮಟ್ಟದಲ್ಲಿ, ಕಾನೂನಿನಂತೆ ಸಹಕಾರ ಸಂಘವಾಗಿ ನೋಂದಾಯಿಸಿ, ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದಿ ನಡೆಸಬಹುದು. ಲೆಕ್ಕ ಓದದಿದ್ದರೆ ಅದೂ ಇನ್ನೊಂದು ಐಎಂಎಯೇ. ಅತ್ತೌಬಃ ಅಧ್ಯಾಯದ 60ನೆಯ ಸೂಕ್ತ ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರರನ್ನೂ ಎಣಿಸುತ್ತದೆ. ರಮಝಾನಿನಲ್ಲಿ ಸೀರೆ, ಲುಂಗಿ ಹಂಚುವ ನಮ್ಮ ಧನಿಕರು ಆ ಹಕ್ಕುದಾರನನ್ನು ಮರೆತೇಬಿಟ್ಟಿದ್ದಾರೆ. ಷೋಕಿಯಿಂದ ಸಾಲಗಾರನಾದವನು ಪಶ್ಚಾತ್ತಾಪಪಟ್ಟು ಆ ದಾರಿ ಬಿಟ್ಟರೆ ಅವನಿಗೂ ಕೊಡಬಹುದೆಂದು ಫಕೀಹರು ಹೇಳಿದ್ದಾರೆ.

ಕೊನೆಯದಾಗಿ ಒಂದು ಬಾಕಿಯ ವಿಷಯ. ಮಹ್ರ್ ಕೂಡಾ ಸಾಲವೇ. ಮೊಬೈಲಿನ ಕಂತನ್ನು ದಿನ ತಪ್ಪದೆ ತುಂಬುವ ಎಷ್ಟೋ ಗಂಡಂದಿರು ಹತ್ತು ವರ್ಷಗಳಿಂದ ಹೆಂಡತಿಯ ಮಹ್ರ್ ಉಳಿಸಿಕೊಂಡಿದ್ದಾರೆ, ಏಕೆಂದರೆ ಅವಳು ದಂಡ ಹಾಕುವುದಿಲ್ಲ, ವಸೂಲಿಗೆ ಹುಡುಗರನ್ನು ಕಳುಹಿಸುವುದಿಲ್ಲ. ಹಾಗೆಯೇ, ಸ್ತ್ರೀಯರು ಗಳಿಸಿದುದರಲ್ಲಿ ಅವರಿಗೆ ಪಾಲಿದೆಯೆಂದು ಅನ್ನಿಸಾ ಅಧ್ಯಾಯದ 32ನೆಯ ಸೂಕ್ತ ಹೇಳುತ್ತದೆ. ಬೆಳಗಿನಿಂದ ಸಂಜೆಯ ತನಕ ಘಾಟಿನಲ್ಲಿ ಕೆಮ್ಮುತ್ತ, ಉರಿಯುವ ಬೆರಳುಗಳಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ತಾಯಿಯ ಕೂಲಿ ತಾಯಿಯದು. ಬಾಕಿ ಬಿದ್ದ ಕಂತಿಗೆ ಮಗ ಅದನ್ನು ಪಡೆದರೆ ಅದು ಕೈಗಡ. ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ ಸಾಲವನ್ನು ಬರೆದಿಡಬೇಕೆನ್ನುತ್ತದೆ, ತಾಯಿಯಿಂದ ಪಡೆದುದನ್ನು ಬರೆಯಬೇಡವೆಂದು ಅಲ್ಲಿ ಹೇಳಿಲ್ಲ. ಮನೆಗೆ ಹೋಗಿ ಒಂದು ವಹಿಯಲ್ಲಿ ಮೊದಲು ಅದನ್ನೇ ಬರೆಯಿರಿ, ಯುವ ಮಿತ್ರರೇ: ತಾರೀಖು, ಮೊತ್ತ, ತಾಯಿಯ ಹೆಸರು.

ಇಶಾ ನಮಾಝಿಗೆ ಇನ್ನೂ ಸ್ವಲ್ಪ ಸಮಯವಿದೆ. ಪ್ರಶ್ನೆಗಳನ್ನು ತಾಯಂದಿರ ಕಡೆಯಿಂದ ಆರಂಭಿಸೋಣ.